ಜನನಕಾಲದ ತೊಡಕು, ಮಕ್ಕಳ ಅತಿಚಟುವಟಿಕೆ ಮತ್ತು ಔಷಧೋಪಚಾರ



ತರಗತಿಯಲ್ಲಿ ಕ್ಷಣಕಾಲವೂ ಕೂರದ, ಹಿಡಿದ ಕೆಲಸ ಪೂರೈಸದ ಮಗುವನ್ನು ತುಂಟನೆಂದೂ, ತಾಯಿಯನ್ನು ಸಾಕಲರಿಯದವಳೆಂದೂ ದೂಷಿಸುವುದುಂಟು. ಇಂತಹ ಲಕ್ಷಣಗಳು ಮನೆ ಹಾಗೂ ಶಾಲೆ ಎರಡರಲ್ಲೂ 6 ತಿಂಗಳಿಗೂ ಹೆಚ್ಚು ಕಾಲ ಮುಂದುವರಿದು ಕಲಿಕೆಗೆ ಅಡ್ಡಿಯಾದಲ್ಲಿ, ಅದು ಎಡಿಎಚ್‌ಡಿ ಎಂಬ ಮಿದುಳಿನ ಬೆಳವಣಿಗೆಯ ಸಮಸ್ಯೆಯಾಗಿರಬಹುದು.

37 ವಾರ ತುಂಬುವ ಮೊದಲೇ ಜನಿಸಿದ, 2.5 ಕಿ.ಗ್ರಾಂ.ಗಿಂತ ಕಡಿಮೆ ತೂಕವಿದ್ದ ಅಥವಾ ಹೆರಿಗೆಯ ವೇಳೆ ಆಮ್ಲಜನಕದ ಕೊರತೆ ಅನುಭವಿಸಿದ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಆದರೆ ಅಂತಹ ಬಹುತೇಕ ಮಕ್ಕಳಿಗೆ ಈ ಸಮಸ್ಯೆ ಬಾರದು. ಸುಸೂತ್ರವಾಗಿ ಜನಿಸಿದವರಲ್ಲಿಯೂ ಕಾಣಬಹುದು. ಆನುವಂಶಿಕತೆಯ ಪಾತ್ರವೇ ದೊಡ್ಡದು. ಆದುದರಿಂದ ತಾಯಿಯನ್ನು ಹೊಣೆಯಾಗಿಸುವುದು ಸಲ್ಲದು. ತಾಯಿ ಕಾರ್ಡನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿದಲ್ಲಿ ತಪಾಸಣೆಗೆ ಅನುಕೂಲವಾಗುವುದು.

6 ವರ್ಷದೊಳಗಿನ ಮಗುವಿಗೆ ಮೊದಲ ಚಿಕಿತ್ಸೆಯೆಂದರೆ ಪೋಷಕರಿಗೆ ನೀಡುವ ತರಬೇತಿ. ಆನಂತರದ ವಯಸ್ಸಿನಲ್ಲಿ ಅಗತ್ಯವಿದ್ದರೆ ತಜ್ಞರು ಮೀಥೈಲ್‌ಫೆನಿಡೇಟ್ ಅಥವಾ ಆಟೊಮಾಕ್ಸೆಟಿನ್ ಸೂಚಿಸುವರು. ಔಷಧವು ಜನನಕಾಲದ ತೊಡಕನ್ನು ಅಳಿಸದು. ಗಮನವನ್ನು ಒಂದೆಡೆ ನಿಲ್ಲಿಸಲು ನೆರವಾಗುವುದು. ಹಸಿವು, ನಿದ್ರೆ ಕುಗ್ಗಬಹುದಾದ ಕಾರಣ ಎತ್ತರ, ತೂಕ, ನಾಡಿಬಡಿತ ಮತ್ತು ರಕ್ತದೊತ್ತಡವನ್ನು ನಿಯತವಾಗಿ ಪರೀಕ್ಷಿಸಬೇಕು. ವೈದ್ಯರ ಸಲಹೆಯಿಲ್ಲದೆ ಔಷಧ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಕೂಡದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ತಮ್ಮ ವಾರ್ಡಿನ ಇಂತಹ ಮಗು ಗೈರಾಗದಂತೆ, ಶಾಲೆಯನ್ನೇ ತೊರೆಯದಂತೆ ನೋಡಿಕೊಳ್ಳುವುದು ಸದಸ್ಯರಿಂದ ಆಗಬೇಕಾದ ಕಾರ್ಯ. ಮಗುವಿನ ವಿವರವನ್ನು ಗ್ರಾಮಸಭೆಯಲ್ಲಿ ಬಹಿರಂಗಪಡಿಸದೆ, ಆಶಾ ಕಾರ್ಯಕರ್ತೆಯ ಮೂಲಕ ಪೋಷಕರೊಂದಿಗೆ ಮಾತನಾಡುವುದು ಯೋಗ್ಯ.