ಪತ್ರವಿಲ್ಲದ ಕತ್ತಿಗೆ ಎಷ್ಟು ಕೊಡಬೇಕು?

ಒಂದು ಹಳೆಯ ಕತ್ತಿಗೆ 2,75,000 ರೂಪಾಯಿ ಕೊಡಲು ತಯಾರಿದ್ದ ವ್ಯಾಪಾರಿಯನ್ನು ಬಿಟ್ಟು, ಅದನ್ನು ಬೇರೊಬ್ಬರಿಗೆ 1,70,000ಕ್ಕೆ ಕೊಟ್ಟೆವು. ನಾನೂ ತಮ್ಮನ ಮಗನೂ ಸೇರಿ ಮಾಡಿದ ತೀರ್ಮಾನ ಇದು. ಬೋವಿಕಾನದ ಪೇಟೆಯಲ್ಲಿ ಸಂಗತಿ ತಿಳಿದವರೆಲ್ಲ "ಒಂದು ಲಕ್ಷ ಸುಮ್ಮನೆ ಬಿಟ್ರಾ?" ಎಂದೇ ಕೇಳಿದರು. ಯಾಕೆ ಬಿಟ್ಟೆವು ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ. ಹಳೆಯ ನಾಣ್ಯ, ಹಿತ್ತಾಳೆ, ಚಿತ್ರಪಟ, ಯಾವುದನ್ನೇ ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರಿಗೂ ಈ ಲೆಕ್ಕ ಬೇಕಾಗುತ್ತದೆ.

ತಮ್ಮನ ಮಗ ಇರುವುದು ಅಮೆರಿಕದಲ್ಲಿ. ಅವನ ಕಣ್ಣಿಗೆ ಬಿದ್ದದ್ದು ಜಪಾನಿನ ಒಂದು ವಾಕಿಜಾಶಿ, ಅಂದರೆ ಎರಡು ಅಡಿಯೊಳಗಿನ ಗಿಡ್ಡ ಕತ್ತಿ. ಎದೊ ಕಾಲದ್ದು, ಹೆಸರಾಂತ ಕಮ್ಮಾರನ ಸಹಿ ಇದೆ ಎಂದು ಹರಾಜಿನ ವಿವರಣೆಯಲ್ಲಿತ್ತು. "ದೊಡ್ಡಪ್ಪ, ಅರ್ಧ ನೀವು ಹಾಕ್ತೀರಾ?" ಎಂದು ಕೇಳಿದ. ಆ ಸಲದ ಅಡಿಕೆಯ ಹಣ ಕೈಯಲ್ಲಿತ್ತು, ಹಾಕಿದೆ.

ಇಂಥ ಕತ್ತಿಗಳು ಅಮೆರಿಕದ ಹರಾಜಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ. 1876ರಲ್ಲಿ ಜಪಾನ್ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದ ಮೇಲೆ ಸಾವಿರಾರು ಮನೆತನಗಳ ಕತ್ತಿಗಳು ಮೂಲೆ ಸೇರಿದವು. ಎರಡನೇ ಮಹಾಯುದ್ಧ ಮುಗಿದಾಗ ಜಪಾನಿ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳನ್ನು ಗೆದ್ದ ಸೈನಿಕರು ನೆನಪಿಗೆಂದು ತಮ್ಮ ತಮ್ಮ ಊರಿಗೆ ಒಯ್ದರು. ಹಾಗೆ ಒಯ್ದ ಕತ್ತಿಗಳಲ್ಲಿ ಮುನ್ನೂರು ವರ್ಷ ಹಳೆಯ ಅಲಗುಗಳೂ ಇದ್ದವು, ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ತಯಾರಾದವೂ ಇದ್ದವು. ಹರಾಜಿನ ಫೋಟೋದಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ.

ಈಗ ಲೆಕ್ಕ. ಡಾಲರನ್ನು ರೂಪಾಯಿಗೆ ಇಳಿಸಿ, ಚಿಲ್ಲರೆ ಬಿಟ್ಟು ಹೇಳುತ್ತೇನೆ. ನಮ್ಮ ಬಿಡ್ ನಿಂತದ್ದು 2,40,000ಕ್ಕೆ. ಅದರ ಮೇಲೆ ಹರಾಜಿನವರು ಕೊಳ್ಳುವವನಿಂದ ಪಡೆಯುವ ಬೈಯರ್ಸ್ ಪ್ರೀಮಿಯಂ ಶೇಕಡಾ 25, ಅಂದರೆ 60,000. ಪ್ಯಾಕಿಂಗ್, ಸಾಗಣೆ, ವಿಮೆಗೆ 14,000. ಕತ್ತಿ ಮನೆ ಸೇರುವಾಗ 3,14,000 ಆಗಿತ್ತು. ಸಹಿ ಅಸಲಿಯೇ ಎಂದು ನೋಡುವ ಪರೀಕ್ಷೆಯ ಶುಲ್ಕ, ಮಧ್ಯವರ್ತಿ, ಹೋಗಿಬರುವ ಖರ್ಚು ಸೇರಿ ಮತ್ತೆ 46,000. ಒಟ್ಟು 3,60,000.

ಇದನ್ನು ಹರಾಜಿನಲ್ಲೇ ಮಾರಿ ಹಾಕಿದ ಹಣವನ್ನಷ್ಟೇ ವಾಪಸು ಪಡೆಯಬೇಕಾದರೆ ಎಷ್ಟಕ್ಕೆ ಹೋಗಬೇಕು? ಮಾರುವವನಿಂದಲೂ ಹರಾಜಿನವರು ಕಮಿಷನ್ ಮುರಿಯುತ್ತಾರೆ. ಅದು ಶೇಕಡಾ 15 ಎಂದಿಟ್ಟುಕೊಳ್ಳಿ. 3,60,000ವನ್ನು 0.85ರಿಂದ ಭಾಗಿಸಿದರೆ 4,23,500 ಬರುತ್ತದೆ. ಅಂದರೆ 2,40,000ಕ್ಕೆ ಬಿಡ್ ನಿಂತ ಕತ್ತಿಗೆ ಶೇಕಡಾ 76ರಷ್ಟು ಬೆಲೆ ಏರಿದಾಗ ನಮ್ಮ ಲಾಭ ಸೊನ್ನೆ. ಆ ದಿನ ಕೊಳ್ಳುವವನು ತನ್ನ ಪ್ರೀಮಿಯಂ ಸೇರಿಸಿ 5,29,000 ಎಣಿಸಬೇಕು.

ಕಾಯೋಣ ಎನ್ನುತ್ತೀರಾ? ಅದೇ 3,60,000ವನ್ನು ಶೇಕಡಾ 7ರ ಎಫ್‌ಡಿಯಲ್ಲಿ ಐದು ವರ್ಷ ಇಟ್ಟರೆ ಸುಮಾರು 5,05,000 ಆಗುತ್ತದೆ. ಕತ್ತಿ ಅದಕ್ಕೆ ಸಮ ಬರಬೇಕಾದರೆ ಬಿಡ್ 5,94,000ಕ್ಕೆ ಹೋಗಬೇಕು. ವರ್ಷಕ್ಕೆ ಶೇಕಡಾ 20ರಂತೆ ಐದು ವರ್ಷವೂ ಎಡೆಬಿಡದೆ ಏರಬೇಕು. ಇದು ಸಹಿ ಅಸಲಿಯಾಗಿದ್ದರೆ ಮಾಡುವ ಲೆಕ್ಕ.

ನಮ್ಮ ಕತ್ತಿಯ ಸಹಿ ಅಸಲಿಯಲ್ಲ ಎಂದು ಪರೀಕ್ಷಕರು ಹೇಳಿದರು. ಅಲಗು ಹಳೆಯದೇ, ಕೆಲಸವೂ ಒಳ್ಳೆಯದೇ. ಹೆಸರನ್ನು ಮಾತ್ರ ಬೇರೆ ಯಾರೋ ಕೊರೆದಿದ್ದರು. ಜಪಾನಿ ಕತ್ತಿಯ ಲೋಕದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಗಿಮೆಯ್ ಎಂದು ಹೆಸರೇ ಇದೆ. ಹದಿನೇಳನೇ ಶತಮಾನದ ಕೊಟೆಟ್ಸು ಎಂಬ ಕಮ್ಮಾರನ ಸಹಿ ಕಂಡರೆ ಮೊದಲು ನಕಲಿ ಎಂದೇ ತಿಳಿಯಬೇಕು ಎನ್ನುವುದು ಸಂಗ್ರಾಹಕರಲ್ಲಿ ರೂಢಿಯ ಮಾತು.

ಪರೀಕ್ಷಕರು ಮೊದಲು ಹಿಡಿ ಬಿಚ್ಚುತ್ತಾರೆ. ಹಿಡಿಯೊಳಗೆ ಸೇರುವ ಭಾಗಕ್ಕೆ ನಕಾಗೊ ಎನ್ನುತ್ತಾರೆ. ಅದನ್ನು ಎಂದೂ ಉಜ್ಜುವುದಿಲ್ಲ. ಶತಮಾನಗಳ ತುಕ್ಕು ಅಲ್ಲಿ ಕಪ್ಪು ಕಂದಾಗಿ, ಒಂದೇ ಹದದಲ್ಲಿ ಕೂತಿರಬೇಕು. ಸಹಿಯ ಗೀರಿನೊಳಗೂ ಅದೇ ತುಕ್ಕು ಇರಬೇಕು. ಉಳಿಯ ಏಟಿನ ಕೋನ, ಅರದ ಗೆರೆಗಳ ಓಟ, ಅಕ್ಷರ ತಿರುಗುವ ರೀತಿ, ಎಲ್ಲವನ್ನೂ ಆ ಕಮ್ಮಾರನ ಖಚಿತ ಕೆಲಸದ ಪಕ್ಕದಲ್ಲಿಟ್ಟು ನೋಡುತ್ತಾರೆ. ಆಮೇಲೆ ಅಲಗು. ಮಣ್ಣು ಮೆತ್ತಿ ಕಾಯಿಸಿ ನೀರಿಗದ್ದಿದಾಗ, ಮಣ್ಣು ತೆಳುವಾಗಿರುವ ಅಂಚು ಬೇಗ ತಣಿದು ಗಟ್ಟಿಯಾಗುತ್ತದೆ. ಅದರಿಂದ ಹಮೊನ್ ಎಂಬ ಮಸುಕು ಬಿಳಿಯ ಗೆರೆ ಮೂಡುತ್ತದೆ. ಆಸಿಡ್ ಹಾಕಿ ಮೂಡಿಸಿದ ಗೆರೆ ಮೇಲ್ಮೈಯಲ್ಲೇ ಉಳಿಯುತ್ತದೆ, ಬೆಳಕಿಗೆ ತಿರುಗಿಸಿದಾಗ ಒಳಗಿನ ಕಣ ಕಾಣುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಅಡ್ಡ ಬಿರುಕಿದ್ದರೂ ಬೆಲೆ ನೆಲ ಕಚ್ಚುತ್ತದೆ. ನಮ್ಮಲ್ಲಿ ಅಡಿಕೆ ಕೊಳ್ಳುವವರು ಚಾಲಿಯನ್ನು ಕತ್ತರಿಸಿ ಒಳಗು ನೋಡದೆ ರೇಟು ಹೇಳುವುದಿಲ್ಲ; ಕತ್ತಿಯ ಹರಾಜಿನಲ್ಲಿ ಲಕ್ಷಗಟ್ಟಲೆ ಹಣವನ್ನು ನಾಲ್ಕು ಫೋಟೋ ನೋಡಿ ಕೊಡುತ್ತಾರೆ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಬ್ಬ ವ್ಯಾಪಾರಿ 2,75,000 ಕೊಡುತ್ತೇನೆಂದರು. ಅವರದು ಒಂದೇ ಷರತ್ತು: ಪರೀಕ್ಷೆಗೆ ಕಳಿಸಿದ ವಿಷಯ ಎಲ್ಲೂ ಬರಬಾರದು. ಸಹಿಯ ಬಲದಲ್ಲೇ ಅವರು ಮುಂದೆ ಮಾರುವವರಿದ್ದರು. ನಾವು ಒಪ್ಪಲಿಲ್ಲ. ಸಹಿ ಸುಳ್ಳೆಂದು ಬರೆದೇ ಒಬ್ಬ ಸಂಗ್ರಾಹಕರಿಗೆ 1,70,000ಕ್ಕೆ ಕೊಟ್ಟೆವು. ಒಟ್ಟು ನಷ್ಟ 1,90,000, ನನ್ನ ಪಾಲಿಗೆ 95,000. ಇದರಲ್ಲಿ 1,05,000 ನಿಜ ಹೇಳಿದ್ದರ ಖರ್ಚು. ಅದನ್ನು ಮತ್ತೊಮ್ಮೆ ಕೊಡಬೇಕಾಗಿ ಬಂದರೂ ಕೊಡುತ್ತೇನೆ. ನಮ್ಮ ನಷ್ಟವನ್ನು ತಿಳಿದೂ ತಿಳಿದೂ ಇನ್ನೊಬ್ಬರ ಮನೆಗೆ ಕಳಿಸುವುದನ್ನು ವ್ಯಾಪಾರ ಎನ್ನಲು ನನ್ನಿಂದಾಗದು.

ಮಾರುವವರೇ ಮುದ್ರೆಯೊತ್ತಿ ಕೊಡುವ "ಸರ್ಟಿಫಿಕೇಟ್ ಆಫ್ ಆಥೆಂಟಿಸಿಟಿ" ನೋಡಿದರೆ ನನಗೆ ಈಗ ಸಹನೆ ಉಳಿಯುವುದಿಲ್ಲ. ತನ್ನ ಸರಕಿಗೆ ತಾನೇ ಕೊಟ್ಟುಕೊಂಡ ಕಾಗದಕ್ಕೆ ಏನು ಬೆಲೆ? ಜಪಾನಿನ ನೋಂದಣಿ ಪತ್ರವನ್ನು ತೋರಿಸಿ ಅಸಲಿ ಎನ್ನುವವರೂ ಇದ್ದಾರೆ. ಆ ಪತ್ರ ಕತ್ತಿಯ ಉದ್ದ, ಬಾಗು, ಮೇಲಿರುವ ಸಹಿಯನ್ನು ದಾಖಲಿಸುತ್ತದೆ. ಸಹಿ ನಿಜವೆಂದು ಎಲ್ಲೂ ಹೇಳುವುದಿಲ್ಲ. ಮಾರುಕಟ್ಟೆ ಹೆಚ್ಚು ನಂಬುವುದು 1948ರಲ್ಲಿ ಸ್ಥಾಪನೆಯಾದ ಎನ್‌ಬಿಟಿಎಚ್‌ಕೆ ಎಂಬ ಸಂಸ್ಥೆಯ ಹೊಜೊನ್, ತೊಕುಬೆತ್ಸು ಹೊಜೊನ್ ದರ್ಜೆಯ ಪತ್ರಗಳನ್ನು. 1982ರಲ್ಲಿ ಈ ದರ್ಜೆಗಳು ಬರುವುದಕ್ಕೆ ಮೊದಲಿನ ಹಸಿರು ಪತ್ರಗಳನ್ನು ಅನುಭವಿಗಳು ಪೂರ್ತಿ ನೆಚ್ಚುವುದಿಲ್ಲ.

"ಟಿಪ್ಪುವಿನ ಕತ್ತಿ ಕೋಟಿಗಟ್ಟಲೆಗೆ ಹೋಯಿತಲ್ಲ" ಎಂಬ ಮಾತು ಬಂದೇ ಬರುತ್ತದೆ. ಹೌದು, 2023ರ ಮೇ 23ರಂದು ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 1.4 ಕೋಟಿ ಪೌಂಡಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೇನೆ ಅದನ್ನು ಜನರಲ್ ಬೇರ್ಡ್‌ಗೆ ಕೊಟ್ಟದ್ದಕ್ಕೆ ಕತ್ತಿಯ ಮೇಲೇ ಬರಹವಿತ್ತು. ಆ ಚರಿತ್ರೆಯ ದಾಖಲೆಗೆ ಸಂದ ಬೆಲೆ ಅದು. ದಾಖಲೆಯಿಲ್ಲದ ಕತ್ತಿಗೆ ಆ ಸುದ್ದಿಯಿಂದ ಮೂರು ಕಾಸೂ ಏರುವುದಿಲ್ಲ.

ಕತ್ತಿಯನ್ನು ಊರಿಗೆ ತರಿಸಿ ಚಾವಡಿಯಲ್ಲಿಡುವ ಆಸೆಯಿದ್ದವರಿಗೆ ಇನ್ನೊಂದು ಮಾತು. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಆಯುಧ ಆಮದು ಮಾಡುವಂತಿಲ್ಲ, ಕತ್ತಿಯೂ ಆಯುಧವೇ. ನಮ್ಮ ಮನೆತನದ ನೂರು ವರ್ಷ ದಾಟಿದ ವಸ್ತುಗಳನ್ನು ಹೊರದೇಶಕ್ಕೆ ಕಳಿಸುವುದೂ 1972ರ ಪುರಾವಸ್ತು ಕಾಯ್ದೆಯಂತೆ ಅಪರಾಧ.

ಕೊನೆಗೆ ಅಭ್ಯಾಸದ ಮಾತು, ಹಣ ಸೋರುವುದು ಅಲ್ಲಿಂದಲೇ. ನಡುರಾತ್ರಿ ಮೊಬೈಲ್ ಹಿಡಿದು ಬಿಡ್ ಮಾಡಬೇಡಿ. ಗರಿಷ್ಠ ಮೊತ್ತವನ್ನು ಹಗಲಲ್ಲೇ ಬರೆದಿಡಿ, ಪ್ರೀಮಿಯಂ ಸಾಗಣೆ ಎಲ್ಲ ಅದರೊಳಗೇ ಬರಲಿ. ಕ್ರೆಡಿಟ್ ಕಾರ್ಡಿನ ಇಎಂಐಯಲ್ಲಿ ಹಳೆಯ ವಸ್ತು ಕೊಳ್ಳಬೇಡಿ. ಸೊಸೈಟಿಯ ಬೆಳೆಸಾಲ ಬಾಕಿಯಿದ್ದರೆ ಮೊದಲು ಅದನ್ನು ತೀರಿಸಿ. ಹಿಡಿ ಬಿಚ್ಚಿದ ಫೋಟೋವನ್ನು ಎರಡೂ ಬದಿಯಿಂದ ಕೇಳಿ, ಕೊಡದವರನ್ನು ಬಿಟ್ಟುಬಿಡಿ. ಕತ್ತಿಯ ಮೇಲೆ ಪ್ರೀತಿಯಿದ್ದರೆ ಕೊಳ್ಳಿ, ಖರ್ಚಿನ ಪುಸ್ತಕದಲ್ಲಿ ಬರೆಯಿರಿ. ನಂಬುವಂಥ ಪತ್ರ ಕೈಗೆ ಬರುವ ತನಕ ಸಹಿಯಿಲ್ಲದ ಕತ್ತಿಗೆಷ್ಟೋ ಅಷ್ಟೇ ಕೊಡಿ, ಸಹಿಗೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.