‘ಬ್ರೋ, ಯುಸಿ ಬೇಕಾ?’

ದಸರಾ ರಜೆಗೆ ಬಂದಿದ್ದ ತಂಗಿಯ ಮಗ ಅಳುಮೋರೆ ಹಾಕಿಕೊಂಡು ಫೋನ್ ತೋರಿಸಿದ. “ಮಾಮ, ನನ್ನ ಐಡಿ ಹೋಯ್ತು.” ಬಿಜಿಎಂಐ ಎಂಬ ಮೊಬೈಲ್ ಆಟದಲ್ಲಿ ಮೂರು ವಾರ ಜೊತೆಗಾಡಿದ್ದ ‘ಬ್ರೋ’ ಒಬ್ಬ ಪುಕ್ಕಟೆ ಯುಸಿ, ಅಂದರೆ ಆಟದೊಳಗಿನ ಹಣ, ಸಿಗುತ್ತದೆಂದು ಲಿಂಕ್ ಕಳಿಸಿದ್ದನಂತೆ. ಒತ್ತಿದರೆ ಥೇಟ್ ಫೇಸ್‌ಬುಕ್ ಲಾಗಿನ್ ಪುಟ. ಮೇಲಿನ ವಿಳಾಸದ ಸಾಲಿನಲ್ಲಿ ಮಾತ್ರ ಬೇರೆಯದೇ ಹೆಸರು. ಹುಡುಗರು ಅದನ್ನೆಲ್ಲಿ ಓದುತ್ತಾರೆ? ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದ.

ಗೇಮನ್ನು ಯಾರೂ ಹ್ಯಾಕ್ ಮಾಡಿರಲಿಲ್ಲ. ಇಂಥ ವಂಚಕರ ಕಸುಬೇ ಆಡುವವರನ್ನು ಗೇಮಿನಿಂದ ಹೊರಗೆ ಕರೆಯುವುದು: ಲಿಂಕಿಗೆ, ವಾಟ್ಸ್‌ಆ್ಯಪ್‌ಗೆ, ಡಿಸ್ಕಾರ್ಡ್‌ಗೆ. ಆದ್ದರಿಂದ ಮೊದಲು ಮಾಡಬೇಕಾದ್ದು, ಬಂದ ಆಫರ್ ಗೇಮಿನೊಳಗಿನ ಅಂಗಡಿಯಲ್ಲೂ ಇದೆಯೇ ಎಂದು ನೋಡುವುದು. ಇಲ್ಲದಿದ್ದರೆ ಕೈಬಿಡಿ. ನಿಮ್ಮ ಖಾತೆಗೆ ಯುಸಿ ಹಾಕಿಸುವವರಿಗೆ ಕ್ಯಾರೆಕ್ಟರ್ ಐಡಿ ಸಾಕು. ಪಾಸ್‌ವರ್ಡ್ ಅಥವಾ ಓಟಿಪಿ ಕೇಳಿದರೆ ಬ್ಲಾಕ್ ಮಾಡಿ.

ಎರಡನೆಯದು, ಬೇರೆಯವರ ಐಡಿ ಕೊಳ್ಳಬೇಡಿ. ಬಂದೂಕಿನ ಸ್ಕಿನ್ ನೋಡಿ ಹುಡುಗರು ಮರುಳಾಗುತ್ತಾರೆ. ಆದರೆ ಮೊದಲು ಜೋಡಿಸಿದ್ದ ಇಮೇಲ್ ಮಾರಿದವನ ಕೈಯಲ್ಲೇ ಇರುತ್ತದೆ. ಯುಪಿಐ ಹಣ ಜಮೆಯಾದ ಮೇಲೆ “ನನ್ನ ಖಾತೆ ಕಳುವಾಗಿದೆ” ಎಂದು ದೂರು ಕೊಟ್ಟು ಐಡಿ ವಾಪಸ್ ಪಡೆಯುತ್ತಾನೆ. ನಿಯಮದ ಪ್ರಕಾರ ಈ ವ್ಯಾಪಾರವೇ ನಿಷಿದ್ಧ, ಕಂಪನಿಯ ಮುಂದೆ ಅಳುವಂತೆಯೂ ಇಲ್ಲ.

ವಸ್ತು ಅದಲುಬದಲು ಮಾಡುವ ಆಟಗಳಲ್ಲಿ ‘ಒಪ್ಪಿಗೆ’ ಒತ್ತುವ ಮುನ್ನ ಪಟ್ಟಿಯನ್ನು ಮತ್ತೊಮ್ಮೆ ಓದಿ. ಕೊನೇ ಗಳಿಗೆಯಲ್ಲಿ ಒಂದು ವಸ್ತು ಮೆಲ್ಲಗೆ ಮಾಯವಾಗಿರುತ್ತದೆ. ರೂನ್‌ಸ್ಕೇಪ್ ಆಟದಲ್ಲಿ ಎರಡನೇ ಖಾತ್ರಿ ಪರದೆ ಇರುವುದೇ ಇದಕ್ಕಾಗಿ.

ಹಳೇ ಗೆಳೆಯನಲ್ಲವೇ ಎನ್ನುತ್ತೀರಾ? ಈವ್ ಆನ್‌ಲೈನ್ ಆಟದಲ್ಲಿ ಒಂದು ಗುಂಪು ಸುಮಾರು ಒಂದು ವರ್ಷ ಕಾಲ ಆಟಗಾರರ ಇನ್ನೊಂದು ಗುಂಪಿನೊಳಗೆ ನಂಬಿಕಸ್ಥರಂತಿದ್ದು 2005ರಲ್ಲಿ ಅದರ ಉಗ್ರಾಣವನ್ನೇ ಬರಿದು ಮಾಡಿತು. ಅಲ್ಲಿ ಅದು ಆಟದ ನಿಯಮದೊಳಗೇ ಇತ್ತು, ಆ ಮಾತು ಬೇರೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಾಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಫೋನುಗಳಿಂದ ಲಾಗ್‌ಔಟ್ ಮಾಡಿ, ಆಮೇಲೆ ಗೇಮ್ ಕಂಪನಿಗೆ ಬರೆಯಿರಿ. ಮಕ್ಕಳನ್ನು ಬಯ್ಯುವುದಿದ್ದರೆ ಇಷ್ಟಾದ ಮೇಲೆ ಬಯ್ಯಿರಿ.

ನಮ್ಮ ಹುಡುಗನ ಐಡಿ ಹನ್ನೊಂದನೇ ದಿನ ವಾಪಸ್ ಬಂತು. ಅದು ಅವನದೇ ಎಂದು ತೋರಿಸಲು ಒದಗಿದ್ದು, ತಂಗಿಯ ಮೇಲ್‌ನಲ್ಲಿ ಅಳಿಸದೇ ಉಳಿದಿದ್ದ ಹಳೇ ಯುಸಿ ಖರೀದಿಯ ರಸೀದಿ.