ಏನು ಓದಬೇಕೆಂದು ಅವಳನ್ನೇ ಕೇಳಿ
ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಮೂಡಲಪಾಳ್ಯದ ಮನೆಗಳಲ್ಲೂ ಚರ್ಚೆ ಶುರುವಾಗುತ್ತದೆ. ‘ಹುಡುಗಿ ತಾನೆ, ಹತ್ತಿರದ ಕಾಲೇಜು ಸಾಕು’ ಎಂದು ಮಾತು ಮುಗಿಸಬೇಡಿ. ಅವಳಿಗೆ ಯಾವ ವಿಷಯ ಇಷ್ಟ ಎಂದು ಮೊದಲು ಕೇಳಿ.

1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ನಮ್ಮ ನಾಡಿನ ಹೆಣ್ಣುಮಗಳು. ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಚಿಗನ್‌ಗೆ ಹೋಗಿ ಡಾಕ್ಟರೇಟ್ ಪಡೆದರು. ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ ಮೈಕ್ರೋವೇವ್, ಆಂಟೆನಾಗಳ ಸಂಶೋಧನೆ ನಡೆಸಿದರು. ವಿಭಾಗದ ಮುಖ್ಯಸ್ಥೆಯೂ ಆದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರಿಗೆ ಅಂದು ಅನುಸರಿಸಲು ಮುಂದೆ ಹೆಣ್ಣುಮಕ್ಕಳೇ ಇರಲಿಲ್ಲ. ನಿಮ್ಮ ಮಗಳಿಗೆ ಇದ್ದಾರೆ.

ಹಣದ ಚಿಂತೆಯೇ? ಡಿಪ್ಲೊಮಾ, ಎಂಜಿನಿಯರಿಂಗ್ ಸೇರುವ ಹುಡುಗಿಯರಿಗೆ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 50,000 ರೂಪಾಯಿ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆ ಗಳಿಗೆಯ ಓಡಾಟದಲ್ಲಿ ಅವಕಾಶ ತಪ್ಪಬಾರದು.

ಇನ್ನು, ಗಣಿತದಲ್ಲಿ ಒಮ್ಮೆ ಅಂಕ ಕಡಿಮೆಯಾದರೆ ‘ನಿನಗೆ ಸೈನ್ಸ್ ಬೇಡ’ ಎನ್ನಬೇಡಿ. ಮಗನಿಗೆ ಟ್ಯೂಷನ್ ಹುಡುಕುವ ಮನೆಯೇ ಮಗಳಿಗೆ ವಿಷಯ ಬದಲಿಸಲು ಹೇಳುತ್ತದೆ. ಇದು ಅನ್ಯಾಯ.

ಅವಳ ಆಸಕ್ತಿ ಯಾವುದೆಂದು ತಿಳಿಯಲು ಈ ಭಾನುವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದು ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮಗಳನ್ನು ಕರೆದೊಯ್ಯಿರಿ. ಅವಳು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾಳೋ ಗಮನಿಸಿ, ಅದರ ಬಗ್ಗೆಯೇ ಮಾತನಾಡಿ.